ಚೆಕ್ ಬೌನ್ಸ್ ಕೇಸು, ಲೋಕ್ ಅದಾಲತ್ ರಾಜಿ: ರೊಕ್ಕ ಕೈಗೆ ಬರೋ ಮುಂಚೆ ಸಹಿ ಮಾಡಬ್ಯಾಡ್ರಿ

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಕಾರಟಗಿ ಹತ್ರ ಹಳ್ಳಿ, ನಾನು ಮನಿಗೆ ಹಿರಿ ಮಗಳು. ಎರಡು ವರ್ಷದ ಹಿಂದ ಅಪ್ಪ 300 ಚೀಲ ಸೋನಾ ಮಸೂರಿ ಭತ್ತ ಒಬ್ಬ ವ್ಯಾಪಾರಿಗೆ ಉದ್ರಿ ಕೊಟ್ಟಿದ್ರು. ಚೀಲಕ್ಕ 1,600ರಂಗ 4,80,000 ರೂಪಾಯಿಗೆ ಅವ್ರು ಚೆಕ್ ಕೊಟ್ರು, ಅದು ಬೌನ್ಸ್ ಆಯ್ತು. ಗಂಗಾವತಿ ಕೋರ್ಟಿನ್ಯಾಗ ಕೇಸ್ ನಡ್ದೈತಿ, ಅಪ್ಪನ್ನ ಕ್ರಾಸ್ (ಪಾಟಿ ಸವಾಲು) ಮಾಡೋದು ಇನ್ನೂ ಮುಗಿದಿಲ್ಲ. ಕೇಸ್ ಹಾಕಿದ ಮ್ಯಾಲೆ ಒಂದು ಸಲ 30 ಸಾವಿರ ಫೋನ್‌ಪೇ ಮಾಡ್ಯಾರ, ಮುಂದ ಸುದ್ದಿ ಇಲ್ಲ. ಈಗ ಲೋಕ್ ಅದಾಲತ್‌ಗೆ ಬರ್ರಿ ಅಂತ ನೋಟಿಸ್ ಬಂದೈತಿ. ಅವ್ರು 3,50,000 ಕೊಡ್ತೀವಿ, ತಿಂಗಳಿಗೆ 35 ಸಾವಿರದಂಗ 10 ಕಂತು, ಆದ್ರ ಮೊದ್ಲ ಕೇಸ್ ವಾಪಸ್ ತಗೋರಿ ಅಂತಾರ. ಅಪ್ಪಗ ಓಡಾಡಿ ಸಾಕಾಗೈತಿ, ಒಪ್ಪಿಬಿಡೋಣು ಅಂತಾರ. ನನಗ ಧೈರ್ಯ ಬರವಲ್ದು. ಏನು ಮಾಡೋದು?

ಉತ್ತರ: ನೋಡ್ರಿ ತಂಗಿ, ರಾಜಿ ಮಾಡ್ಕೋರಿ, ಅದು ಒಳ್ಳೇದು, ಆದ್ರ ಅವ್ರು ಹೇಳಿದಂಗ ಮಾಡ್ಕೋಬ್ಯಾಡ್ರಿ. ಅವ್ರು ಒಂದೇ ಉಸಿರಿನ್ಯಾಗ ಮೂರು ಕೇಳ್ಯಾರ. ರೊಕ್ಕ ಕಡಿಮಿ ಮಾಡ್ರಿ, ಕಂತು ಕೊಡ್ರಿ, ಕೇಸ್ ಮೊದ್ಲ ತೆಗೀರಿ. ಮೊದಲಿನ ಎರಡು ಮಾತಾಡೋ ವಿಷಯ, ಒಂದು ಬೇಕಂದ್ರ ಇನ್ನೊಂದು ಬಿಡ್ಬೇಕು ಅಷ್ಟೆ. ಮೂರನೇದು ಮಾತಾಡೋ ವಿಷಯನೇ ಅಲ್ಲ. ನಾನು ಈ ಭಾಗದ ಕೋರ್ಟುಗಳಾಗ ಇಪ್ಪತ್ತು ವರ್ಷದ ಮ್ಯಾಲಾತು ವಕೀಲಿಕೆ ಮಾಡಾಕತ್ತು, ಲೋಕ್ ಅದಾಲತ್‌ನ್ಯಾಗ ಸಂಧಾನಕಾರ ಆಗೂ ಕೂತೀನಿ, ರೊಕ್ಕ ಬರೋ ಮುಂಚೆ ಕೇಸ್ ತೆಗೆದ ರೈತರು ಆಮೇಲೆ ಏನು ಪಡಿಪಾಟ್ಲು ಪಡ್ತಾರ ಅಂತ ಕಣ್ಣಾರೆ ಕಂಡೀನಿ.

ಮೊದ್ಲ ಆ ನೋಟಿಸಿಗೆ ಅಂಜಬ್ಯಾಡ್ರಿ. ಭಾಳ ಮಂದಿ ಲೋಕ್ ಅದಾಲತ್ ಅಂದ್ರ ಅಲ್ಲಿ ಹೋದ ಮ್ಯಾಲೆ ಒಪ್ಪಲೇಬೇಕು, ಇಲ್ಲಂದ್ರ ಜಡ್ಜ್ ಸಾಹೇಬ್ರು ಸಿಟ್ಟಾಗಿ ಕೇಸ್ ಕೆಡಿಸ್ತಾರ ಅಂತ ತಿಳ್ಕೊಂಡಾರ. ಹಂಗಿಲ್ಲ. ಇದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ನಡಿಯೋದು, ನ್ಯಾಷನಲ್ ಲೋಕ್ ಅದಾಲತ್ ಸಾಮಾನ್ಯವಾಗಿ ವರ್ಷಕ್ಕ ನಾಕು ಸಲ, ಶನಿವಾರ ಇಡ್ತಾರ. ಫೀ ಇಲ್ಲ. ಒಂದು ಟೇಬಲ್, ಆ ಕಡೆ ಜಡ್ಜ್, ಪಕ್ಕದಾಗ ಒಬ್ಬ ವಕೀಲರು ಸಂಧಾನಕಾರರಾಗಿ, ಈ ಕಡೆ ನೀವು ಮತ್ತ ಅವ್ರು. ಅಲ್ಲಿ ಸಾಕ್ಷಿ ಇಲ್ಲ, ಯಾರು ಖರೆ ಯಾರು ಸುಳ್ಳು ಅಂತ ತೀರ್ಪು ಕೊಡೋ ಅಧಿಕಾರನೂ ಇಲ್ಲ. ಇಬ್ರೂ ಒಪ್ಪಿದ್ರ ಅದನ್ನ ಅವಾರ್ಡ್ ಅಂತ ಬರೀತಾರ, ಒಪ್ಪದಿದ್ರ ಫೈಲ್ ವಾಪಸ್ ನಿಮ್ಮ ಕೋರ್ಟಿಗೆ ಹೋಗ್ತೈತಿ, ಕೇಸ್ ಎಲ್ಲಿ ನಿಂತಿತ್ತೋ ಅಲ್ಲಿಂದ ನಡೀತೈತಿ. "ಈ ರೊಕ್ಕಕ್ಕ ನನಗ ಒಪ್ಪಿಗಿಲ್ರಿ" ಅನ್ನಾಕ ನಿಮ್ಮಪ್ಪಾರಿಗೆ ಪೂರ್ತಿ ಹಕ್ಕೈತಿ. ಚೆಕ್ ಕೇಸಿನ್ಯಾಗ ರಾಜಿಗೆ ಅವಕಾಶ ಕೊಡೋ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 147 (ಮುಂದ ಹೇಳೋ ಕಲಮುಗಳೂ ಈ ಕಾಯ್ದೆದವೇ) ಇದ್ದರೂ ಕೇಸ್ ಹಾಕಿದವ್ರು ಒಪ್ಪದೆ ಅದು ರಾಜಿ ಆಗಲ್ಲ ಅಂತ 2024ರಾಗ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳೈತಿ.

ಆದ್ರ ಆ ದಿನ ಗದ್ಲ ಇರ್ತೈತಿ ನೋಡ್ರಿ, ನೂರಾರು ಫೈಲು, ಹೊರಗ ಮೆಟ್ಟಿಲ ಮ್ಯಾಲೆ ಮಂದಿ, ಒಳಗ ಒಂದ ಟೇಬಲ್ಲಿಗೆ ನಾಕು ಪಾರ್ಟಿ ಬಗ್ಗಿ ನಿಂತಿರ್ತಾರ, ಎಲ್ರಿಗೂ ಊಟದ ಹೊತ್ತಿಗೆ ಮುಗಿಸೋ ಅವಸರ. ಎಡವಟ್ಟು ಆಗೋದೇ ಆ ಅವಸರದಾಗ. ಭಾಳ ವರ್ಷದ ಹಿಂದಿನ ಮಾತು, ಸಿರುಗುಪ್ಪ ಕಡಿಂದ ಒಬ್ಬ ಮೆಣಸಿನಕಾಯಿ ರೈತರು ನನ್ನ ಕಕ್ಷಿದಾರರಾಗಿದ್ರು. ನಾನು ಪಕ್ಕದ ಹಾಲಿನ್ಯಾಗ ಬ್ಯಾರೆ ಕೇಸಿಗೆ ನಿಂತಿದ್ದೆ, ಬರಾತನ ಸಹಿ ಮಾಡಬ್ಯಾಡ್ರಿ ಅಂತ ಹೇಳಿ ಹೋಗಿರ್ಲಿಲ್ಲ, ಅದು ನಂದ ತಪ್ಪು. ಆ ವ್ಯಾಪಾರಿ ಬಂದು "ರೊಕ್ಕ ಕಾರಿನ್ಯಾಗ ಐತಿ ಕಾಕಾ, ಒಳಗ ತರೋದು ಬ್ಯಾಡ, ಸಹಿ ಆದ ಕೂಡ್ಲೆ ಹೊರಗ ಎಣಿಸಿ ಕೊಡ್ತೀನಿ" ಅಂದ. ಇವ್ರು ನಂಬಿ ಸಹಿ ಹಾಕಿದ್ರು. ರಾಜಿ ಮೆಮೊದಾಗ, ಅಂದ್ರ ಕೋರ್ಟಿಗೆ ಕೊಡೋ ಬರಹದಾಗ, ಏನ್ ಬರ್ದಿತ್ತು ಗೊತ್ತೇನ್ರಿ, "ಪಿರ್ಯಾದಿಗೆ ಬರಬೇಕಾದ ಪೂರ್ಣ ಹಣ ಸಂದಾಯವಾಗಿರುತ್ತದೆ". ಹೊರಗ ಬಂದು ನೋಡಿದ್ರ ಕಾರೂ ಇಲ್ಲ ಮನುಷ್ಯನೂ ಇಲ್ಲ. ಅವಾರ್ಡಿನ ಮ್ಯಾಲೆ ಅಪೀಲಿಲ್ಲ, ಮೋಸ ಆಗೈತಿ ಅಂತ ಹೈಕೋರ್ಟಿಗೆ ರಿಟ್ ಹಾಕೋದು ಒಂದೇ ದಾರಿ, ಅದಕ್ಕ ಧಾರವಾಡಕ್ಕ ಓಡಾಡೋ ಶಕ್ತಿ ಅವ್ರಿಗಿರ್ಲಿಲ್ಲ. ಆ ಒಂದು ಸಾಲು ಅವ್ರ ಒಂದು ವರ್ಷದ ಬೆಳಿ ತಿಂದುಬಿಡ್ತು. ಅವತ್ತಿಂದ ನನ್ನ ಕಕ್ಷಿದಾರರು ಯಾರೇ ಇರ್ಲಿ, ಬ್ಯಾಂಕಿಂದ ಮೆಸೇಜ್ ಬಂದು ಬ್ಯಾಲೆನ್ಸ್ ನೋಡಾತನ ಪೆನ್ನಿನ ಕ್ಯಾಪ್ ತೆಗಿಯಾಕ ಬಿಡಂಗಿಲ್ಲ ನಾನು.

ಈಗ ಮುಖ್ಯ ವಿಷಯಕ್ಕ ಬರೋಣು, ಇದನ್ನ ಅಪ್ಪಾರಿಗೂ ಓದಿ ಹೇಳ್ರಿ. ಚೆಕ್ ಕೇಸಿಗೆ ಬಲ ಇರೋದು ಅದು ಕ್ರಿಮಿನಲ್ ಕೇಸ್ ಆಗಿರೋದ್ರಿಂದ. 138ನೇ ಕಲಮಿನ ಪ್ರಕಾರ ಎರಡು ವರ್ಷದ ತನ ಜೈಲು, ಇಲ್ಲ ಚೆಕ್ಕಿನ ಎರಡು ಪಟ್ಟಿನ ತನ ದಂಡ, ಇಲ್ಲ ಎರಡೂ. ವಾಯ್ದೆಗೆ ಬರದಿದ್ರ ವಾರಂಟ್ ಬರ್ತೈತಿ, ಮನಿ ಬಾಗ್ಲಿಗೆ ಪೊಲೀಸ್ರು ಬರ್ತಾರ, ಜಾಮೀನುದಾರರನ್ನ ಹುಡುಕಬೇಕು. ಆ ವ್ಯಾಪಾರಿ ಇವತ್ತು ರಾಜಿ ಅಂತ ಬಂದಿರೋದು ಅದಕ್ಕ. ನೀವು ಲೋಕ್ ಅದಾಲತ್‌ನ್ಯಾಗ ಕಂತಿನ ಅವಾರ್ಡ್ ಬರೆಸಿದ್ರಿ ಅಂದ್ರ ಆ ಕ್ಷಣಕ್ಕ ಕ್ರಿಮಿನಲ್ ಕೇಸ್ ಮುಗೀತು. ಹಂಗಂತ ಕೈ ಖಾಲಿ ಆಗಲ್ಲ, ಕ್ರಿಮಿನಲ್ ಕೋರ್ಟಿಂದ ಲೋಕ್ ಅದಾಲತ್‌ಗೆ ಬಂದ ಚೆಕ್ ಕೇಸಿನ ಅವಾರ್ಡೂ ಸಿವಿಲ್ ಕೋರ್ಟಿನ ಡಿಕ್ರಿ (ತೀರ್ಪಿನ ಆದೇಶ) ಇದ್ದಂಗ ಅಂತ 2011ರಾಗ ಗೋವಿಂದನ್ ಕುಟ್ಟಿ ಮೆನನ್ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಹೇಳೈತಿ. ಅವ್ರು ಕಂತು ತಪ್ಪಿಸಿದ್ರ ನೀವು ಹೊಸದಾಗಿ ದಾವಾ ಹಾಕೋದು ಬ್ಯಾಡ, ಸೀದಾ ಸಿವಿಲ್ ಕೋರ್ಟಿನ್ಯಾಗ ಅಮಲ್ಜಾರಿ ಅರ್ಜಿ ಹಾಕಿ ಆಸ್ತಿ ಜಪ್ತಿಗೆ ಕೇಳಬಹುದು, ಅದಕ್ಕ 12 ವರ್ಷ ಟೈಮೈತಿ. ಆದ್ರ ಜಪ್ತಿ ಮಾಡಾಕ ಅವ್ರ ಹೆಸರಲ್ಲಿ ಏನರ ಇರ್ಬೇಕಲ್ರಿ? ಮನಿ ಹೆಂಡ್ತಿ ಹೆಸರಿಗೆ, ಗೋಡೌನು ಬಾಡಿಗಿಂದು, ಲಾರಿ ಫೈನಾನ್ಸ್‌ದು ಅಂದ್ರ ಡಿಕ್ರಿ ಹಿಡ್ಕೊಂಡು ಏನ್ ಮಾಡ್ತೀರಿ.

ಅದಕ್ಕ ನಿಮ್ಮಂಥಾ ಕೇಸಿಗೆ ನಾನು ಹೇಳೋ ದಾರಿ ಬ್ಯಾರೆ. 10 ಕಂತು ಬ್ಯಾಡ, ಮೂರಕ್ಕ ಇಳಿಸ್ರಿ. ಲೋಕ್ ಅದಾಲತ್ ದಿನ ಅಥವಾ ಅದರ ಹಿಂದಿನ ದಿನ ದೊಡ್ಡ ಮೊತ್ತ, ಒಂದೂವರೆ ಲಕ್ಷಕ್ಕ ಕಡಿಮಿ ಇಲ್ದಂಗ ಅಪ್ಪಾರ ಅಕೌಂಟಿಗೆ ಬರ್ಲಿ. ಉಳಿದಿದ್ದು ಎರಡು ಸಲ, ಮುಂದಿನ ಲೋಕ್ ಅದಾಲತ್ ಒಳಗ. ಮತ್ತ ಇದು ಸೂಕ್ಷ್ಮ ಐತಿ, ನಿಮ್ಮ ವಕೀಲರ ಜೊತಿ ಕೂತು ಮಾತಾಡ್ರಿ: ಮೊದಲಿನ ಎರಡು ಸಲ ರಾಜಿ ಪತ್ರ ಬರೀಬ್ಯಾಡ್ರಿ. ಅವ್ರು ಕೋರ್ಟಿಗೆ ಒಂದು ಮೆಮೊ ಹಾಕ್ಲಿ, ಇಂಥಾ ತಾರೀಖಿಗೆ ಇಷ್ಟು ಕಟ್ಟೀನಿ, ಉಳಿದಿದ್ದಕ್ಕ ಟೈಮ್ ಕೊಡ್ರಿ ಅಂತ. ನೀವು ಬಂದದ್ದು ನಿಜ ಅಂತ ಅಷ್ಟೇ ಒಪ್ರಿ, ಕೇಸ್ ಮುಂದಿನ ವಾಯ್ದೆಗೆ ಹೋಗ್ಲಿ. ಕೊನಿ ಕಂತು ಜಮಾ ಆದ ದಿನ ಇಬ್ರೂ ಕೂಡಿ 147ರ ರಾಜಿ ಅರ್ಜಿ ಹಾಕ್ರಿ, ಅವತ್ತ ಕೇಸ್ ಮುಗೀಲಿ. ಅಲ್ಲಿ ತನ ಆ ಮನುಷ್ಯಾಗ ವಾಯ್ದೆ ತಪ್ಪಂಗಿಲ್ಲ, ಕಂತೂ ತಪ್ಪಂಗಿಲ್ಲ.

ಯಾಕ ಇಷ್ಟು ಒತ್ತಿ ಹೇಳ್ತೀನಿ ಅಂದ್ರ, 2021ರಾಗ ಜಿಂಪೆಕ್ಸ್ ಅನ್ನೋ ಕಂಪನಿ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಒಂದು ಮಾತು ಹೇಳೈತಿ. ಹಳೇ ಚೆಕ್ಕಿನ ಕೇಸ್ ನಡೀತಿರುವಾಗ ಇಬ್ರೂ ರಾಜಿ ಒಪ್ಪಂದ ಮಾಡ್ಕೊಂಡು, ಆ ಒಪ್ಪಂದದ ಪ್ರಕಾರ ಹೊಸ ಚೆಕ್ ಕೊಟ್ಟು, ಆ ಹೊಸ ಚೆಕ್ಕೂ ಬೌನ್ಸ್ ಆದ್ರ, ಹಳೇ ಕೇಸೂ ಹೊಸ ಕೇಸೂ ಎರಡೂ ಜೊತಿಗೆ ನಡಸಾಕ ಬರಂಗಿಲ್ಲ, ಹಳೇದು ಒಪ್ಪಂದದಾಗ ಕರಗಿ ಹೋಯ್ತು, ಹೊಸ ಚೆಕ್ಕಿನ ಮ್ಯಾಲೆ ಹೊಸ ಕೇಸ್ ನಡಸ್ರಿ ಅಂತ. ಇದರ ಅರ್ಥ ನಿಮಗ ಏನಂದ್ರ, ನಾಳೆ ಅವ್ರು "ತಗೋರಿ 10 ಚೆಕ್ ಮುಂಗಡ ಬರ್ದು ಕೊಡ್ತೀನಿ, ಒಪ್ಪಂದಕ್ಕ ಸಹಿ ಮಾಡ್ರಿ" ಅಂದ್ರ ಅದು ನೋಡಾಕ ಭಾಳ ಭದ್ರ ಕಾಣ್ತೈತಿ, ಆದ್ರ ಎರಡು ವರ್ಷ ನಡೆದು ಬಂದ ಕೇಸ್ ಬಿಟ್ಟು ಮತ್ತ ಮೊದಲಿಂದ, ಚೆಕ್ ವಾಪಸ್ ಅಂತ ಬ್ಯಾಂಕ್ ಮೆಮೊ ಬಂದು 30 ದಿನದೊಳಗ ನೋಟಿಸು, ನೋಟಿಸ್ ಮುಟ್ಟಿ 15 ದಿನ ಕಾಯೋದು, ಆಮೇಲೆ ಒಂದು ತಿಂಗಳೊಳಗ ಕೇಸು, ಅದೂ ಒಂದೊಂದು ಚೆಕ್ಕಿಗೆ. ಅಪ್ಪಾರಿಗೆ ಈಗ ಸಾಕಾಗೈತಿ ಅಂತೀರಿ, ಅವಾಗ ಏನಾಗ್ಬೇಕು.

ಅವ್ರು ಮೂರು ಸಲಕ್ಕ ಒಪ್ಪಲ್ಲ, ಉದ್ದ ಕಂತೇ ಬೇಕು ಅಂತ ಕೂತ್ರ, ಆಗ ಅವಾರ್ಡ್ ಬರೆಸೋದೇ ಸರಿ, ಆದ್ರ ಪದ ಪದ ನೋಡಿ ಬರೆಸ್ರಿ. ಬಾಕಿ 4,50,000 ಅಂತ ಅವ್ರು ಒಪ್ಪಿದ ಮಾತು ಮೊದಲಿಗೇ ಬರ್ಬೇಕು. ರಿಯಾಯಿತಿ ಕೊಟ್ರ ಅದಕ್ಕ ಷರತ್ತು ಇರ್ಬೇಕು, ಅಂದ್ರ "ಎಲ್ಲ ಕಂತುಗಳನ್ನು ಗೊತ್ತುಪಡಿಸಿದ ತಾರೀಖಿಗೆ ಕಟ್ಟಿದಲ್ಲಿ ಮಾತ್ರ ಈ ರಿಯಾಯಿತಿ, ಯಾವುದೇ ಒಂದು ಕಂತು ತಪ್ಪಿದಲ್ಲಿ ರಿಯಾಯಿತಿ ರದ್ದಾಗಿ, ಕಟ್ಟಿದ್ದನ್ನು ಕಳೆದು ಉಳಿದ ಪೂರ್ತಿ ಬಾಕಿ ಬಡ್ಡಿ ಸಹಿತ ಒಮ್ಮೆಗೇ ವಸೂಲಿಗೆ ಅರ್ಹ" ಅಂತ. ತಾರೀಖು ಅಂಕಿಯೊಳಗ ಬರೆಸ್ರಿ, "ಪ್ರತಿ ತಿಂಗಳು" ಅಂತ ಗಾಳ್ಯಾಗ ಬಿಡಬ್ಯಾಡ್ರಿ. ಅಪ್ಪಾರ ಬ್ಯಾಂಕ್ ಅಕೌಂಟ್ ನಂಬರ್ ಅದರಾಗ ಇರ್ಲಿ. ಚೆಕ್ ಅಂಗಡಿ ಹೆಸರಿನ್ಯಾಗ ಇದ್ರೂ ಮಾಲೀಕ ತನ್ನ ಸ್ವಂತ ಹೆಸರಿನ್ಯಾಗೂ ಸಹಿ ಮಾಡ್ಲಿ, ಮನಿ ಆಸ್ತಿ ಯಾರ ಹೆಸರಿಗೈತೋ ಅವ್ರು ಜಾಮೀನುದಾರರಾಗಿ ಸಹಿ ಮಾಡ್ತಾರೇನು ಕೇಳ್ರಿ. ಈ ಒಂದು ಪ್ರಶ್ನೆ ಕೇಳಿದಾಗ ಮಗ್ಗಲಿಗೆ ತಿರುಗಿ ಮಾರಿ ಮಾರಿ ನೋಡ್ಕೊಂಡ್ರ ಅಂದ್ರ ಕಂತು ಎಲ್ಲಿ ತನ ಬರ್ತಾವ ಅಂತ ನಿಮಗ ಅಲ್ಲೇ ತಿಳೀತೈತಿ.

ಕಂತಿನ ತಾರೀಖಿನ ಬಗ್ಗೆ ಒಂದು ಮಾತು. ನಮ್ಮ ತುಂಗಭದ್ರಾ ಎಡದಂಡೆ ಕಾಲುವಿ ಕಡೆ ಭತ್ತದ ವ್ಯಾಪಾರಿ ಕೈಯಾಗ ಪ್ರತಿ ತಿಂಗಳು ರೊಕ್ಕ ಆಡಂಗಿಲ್ಲ, ಸುಗ್ಗಿಗೆ ಆಡ್ತೈತಿ, ಮುಂಗಾರಿನ ಭತ್ತ ಬಂದ ಮ್ಯಾಲೆ ಒಮ್ಮೆ, ಎರಡನೇ ಬೆಳಿಗೆ ನೀರು ಸಿಕ್ಕ ವರ್ಷ ಬ್ಯಾಸಿಗ್ಯಾಗ ಒಮ್ಮೆ. ತಿಂಗಳಿಗೆ 35 ಸಾವಿರ ಅಂತ ಒಪ್ಪಿ ಮೂರನೇ ತಿಂಗಳಿಗೆ ತಪ್ಪಿಸೋದಕ್ಕಿಂತ ಸುಗ್ಗಿ ನೋಡಿ ಎರಡು ದೊಡ್ಡ ಗಂಟು ಇಡೋದು ಇಬ್ರಿಗೂ ನಡಿಯೋ ಮಾತು. ನಾನು ಸಂಧಾನಕ್ಕ ಕೂತಾಗ ಮೊದ್ಲ ಕೇಳೋದೇ ಇದು, ನಿಮಗ ರೊಕ್ಕ ಯಾವಾಗ ಬರ್ತೈತಿ ಹೇಳ್ರಿ ಅಂತ.

ಇನ್ನ ರೊಕ್ಕದ ಲೆಕ್ಕ. ಬಾಕಿ 4,50,000, ಅವ್ರು ಅನ್ನೋದು 3,50,000. ಒಂದು ಲಕ್ಷ ಬಿಡ್ರಿ ಅಂತಾರ, ನಿಮ್ಮ ರೇಟಿನ್ಯಾಗ ಅದು 62 ಚೀಲ ಭತ್ತ. ಬಡ್ಡಿ ಇಲ್ದ ಎರಡು ವರ್ಷ ಬ್ಯಾರೆ ಹೋಗ್ಯಾವ. ಕಂತೂ ಬೇಕು 62 ಚೀಲನೂ ಬೇಕು ಅಂದ್ರ ಅದು ರಾಜಿ ಅಲ್ಲರಿ. ನನ್ನ ಅಭಿಪ್ರಾಯ ಕೇಳಿದ್ರ, ಒಂದೇ ಏಟಿಗೆ ಪೂರ್ತಿ ಕೊಡ್ತಾರಂದ್ರ 4 ಲಕ್ಷ 10 ಸಾವಿರದ ತನ ಇಳೀರಿ, ಅದರಾಗ ತಪ್ಪಿಲ್ಲ, ಯಾಕಂದ್ರ ಕೇಸ್ ಗೆದ್ರೂ ಅವ್ರು ಸೆಷನ್ಸ್ ಕೋರ್ಟಿಗೆ ಅಪೀಲ್ ಹೋಗ್ತಾರ, ಆಮೇಲೆ ಹೈಕೋರ್ಟಿನ ಧಾರವಾಡ ಪೀಠ ಐತಿ, ಇನ್ನೂ ವರ್ಷಗಟ್ಟಲೆ ಆಗ್ತೈತಿ. ಮೂರು ಸಲಕ್ಕ ಅಂದ್ರ ಪೂರ್ತಿ 4,50,000, ಬಡ್ಡಿ ಬಿಟ್ಟೀವಿ ಅನ್ರಿ, ಅದೇ ದೊಡ್ಡ ರಿಯಾಯಿತಿ. ಎರಡು ಪಟ್ಟು ದಂಡ ಐತಿ ಅಂತ 9,60,000 ಬರ್ತೈತಿ ಅಂತ ಯಾರರ ಹೇಳಿದ್ರ ಅದನ್ನ ತಲಿಗೆ ಹಚ್ಕೋಬ್ಯಾಡ್ರಿ. ಅದು ಕಾಯ್ದೆ ಹಾಕಿದ ಮಿತಿ, ನಾ ಕಂಡಂಗ ನಮ್ಮ ಕೋರ್ಟುಗಳಾಗ ಸಾಮಾನ್ಯವಾಗಿ ಚೆಕ್ಕಿನ ಮೊತ್ತದ ಮ್ಯಾಲೆ ಒಂದಿಷ್ಟು ಸೇರಿಸಿ ಪರಿಹಾರ ಕೊಡಿಸ್ತಾರ, ಕಟ್ಟದಿದ್ರ ಜೈಲು ಅಂತ.

ಆ 30 ಸಾವಿರದಿಂದ ನಿಮ್ಮ ಕೇಸ್ ಕೆಡಲ್ಲ, ಅದು ಕೇಸ್ ಹಾಕಿದ ಮ್ಯಾಲೆ ಬಂದಿದ್ದು, ಬಾಕಿಯೊಳಗ ಕಳೀತೈತಿ ಅಷ್ಟೆ. ಇದನ್ನ ಓದೋ ಬ್ಯಾರೆಯವ್ರು ಮಾತ್ರ ಒಂದು ನೆನಪಿಡ್ರಿ, ಚೆಕ್ ಬ್ಯಾಂಕಿಗೆ ಹಾಕೋ ಮುಂಚೇನೇ ಒಂದಿಷ್ಟು ರೊಕ್ಕ ಬಂದಿದ್ರ ಚೆಕ್ಕಿನ ಮ್ಯಾಲೆ ಅದನ್ನ ನಮೂದು ಮಾಡ್ದಂಗ ಪೂರ್ತಿ ಮೊತ್ತಕ್ಕ ಹಾಕಿದ್ರ ಕೇಸ್ ಬೀಳ್ತೈತಿ, 2022ರಾಗ ಸುಪ್ರೀಂ ಕೋರ್ಟ್ ಹಂಗ ಹೇಳೈತಿ.

ನಿಮ್ಮ ಕೈಯಾಗ ಇನ್ನೊಂದು ಹತಾರ ಐತಿ, ನಿಮ್ಮ ವಕೀಲರು ಹಾಕ್ಯಾರೋ ಇಲ್ಲೋ ಕೇಳ್ರಿ. 143ಎ ಅಂತ, 2018ರ ಸೆಪ್ಟೆಂಬರ್ 1ರಿಂದ ಬಂದೈತಿ, ಆರೋಪಿ ನಾ ತಪ್ಪು ಮಾಡಿಲ್ಲ ಅಂದ ಮ್ಯಾಲೆ ಕೇಸ್ ನಡೀತಿರುವಾಗಲೇ ಚೆಕ್ಕಿನ ಶೇಕಡಾ 20ರ ತನ ಮಧ್ಯಂತರ ಪರಿಹಾರ ಕೊಡ್ಸಾಕ ಕೋರ್ಟಿಗೆ ಅಧಿಕಾರ. ನಿಮಗ ಅಂದ್ರ 96,000ದ ತನ. ಕೊಡ್ಲೇಬೇಕು ಅಂತಿಲ್ಲ, ಅದು ಜಡ್ಜ್ ವಿವೇಚನೆ, ಆದ್ರ ಅರ್ಜಿ ಫೈಲಿನ್ಯಾಗ ಇದ್ರ ರಾಜಿ ಟೇಬಲ್ಲಿನ ಮುಂದ ಆ ಕಡೆಯವ್ರ ದನಿ ಸ್ವಲ್ಪ ಮೆತ್ತಗಾಗ್ತೈತಿ.

ಆ ವ್ಯಾಪಾರಿಗೂ ಇವಾಗ ಮುಗಿಸೋದ್ರಾಗ ಲಾಭ ಐತಿ, ಅದನ್ನ ಅವ್ರ ವಕೀಲರ ಮುಂದ ಹೇಳ್ರಿ. 2010ರ ದಾಮೋದರ್ ಪ್ರಭು ತೀರ್ಪಿನಿಂದ ತಡ ಮಾಡಿ ರಾಜಿ ಆದಷ್ಟೂ ಆರೋಪಿ ಮ್ಯಾಲೆ ಖರ್ಚು ಬೀಳ್ತಿತ್ತು, ಕಾನೂನು ಸೇವೆಗಳ ಪ್ರಾಧಿಕಾರಕ್ಕ ಕಟ್ಟೋದು. ಮೊದಲಿನ ಒಂದೆರಡು ವಾಯ್ದೆ ದಾಟಿದ್ರ ಚೆಕ್ಕಿನ ಶೇಕಡಾ 10 ಇತ್ತು. 2025ರ ಸೆಪ್ಟೆಂಬರಿನ್ಯಾಗ ಸುಪ್ರೀಂ ಕೋರ್ಟ್ ಅದನ್ನ ಸಡಿಲ ಮಾಡೈತಿ, ಈಗ ಆರೋಪಿ ಕಡೆ ಸಾಕ್ಷಿ ಶುರು ಆಗೋ ಮುಂಚೆ ರಾಜಿ ಆದ್ರ ಏನೂ ಇಲ್ಲ, ಆಮೇಲೆ ತೀರ್ಪಿನ ಮುಂಚೆ ಆದ್ರ ಶೇಕಡಾ 5, ಸೆಷನ್ಸ್ ಅಥವಾ ಹೈಕೋರ್ಟಿನ್ಯಾಗ ಆದ್ರ ಏಳೂವರೆ, ಸುಪ್ರೀಂ ಕೋರ್ಟಿನ್ಯಾಗ 10. ನಿಮ್ಮ ಕೇಸ್ ಇನ್ನೂ ಅಪ್ಪಾರ ಕ್ರಾಸ್ ಹಂತದಾಗ ಐತಿ, ಹಂಗಾಗಿ ಅವ್ರಿಗೆ ಈಗ ಒಂದು ಪೈಸಾ ಹೆಚ್ಚಿಗಿ ಬೀಳಂಗಿಲ್ಲ. ಶಿಕ್ಷೆ ಆಗಿ ಅಪೀಲ್ ಹೋದ್ರ ಅಲ್ಲೂ ದಂಡ ಇಲ್ಲ ಪರಿಹಾರದ ಕನಿಷ್ಠ ಶೇಕಡಾ 20 ಠೇವಣಿ ಕಟ್ಟು ಅಂತ ಹೇಳಾಕ 148ನೇ ಕಲಂ ಐತಿ.

ಅಪ್ಪಾರ ವಿಷಯ ಹೇಳ್ತೀನಿ ತಂಗಿ. ಅವ್ರು ಸಾಕಾಗೈತಿ ಅನ್ನೋದು ನನಗ ಅರ್ಥ ಆಗ್ತೈತಿ. ಬೆಳಿಗ್ಗೆ ಬಸ್ಸಿಗೆ ಬಂದು, ಹೆಸರು ಕೂಗಾತನ ಬಾಗ್ಲಾಗ ನಿಂತು, ಕಡೀಗೆ "ಮುಂದಿನ ತಾರೀಖು" ಅನ್ನಿಸ್ಕೊಂಡು ಹೋಗೋದು, ಅದರಾಗೂ ಕ್ರಾಸಿನ್ಯಾಗ ಎದುರು ವಕೀಲರು "ಇಷ್ಟು ಭತ್ತ ನೀವು ಬೆಳೆದೇ ಇಲ್ಲ" ಅಂದಾಗ ಹೊಲದಾಗ ಬೆವರು ಸುರಿಸಿದ ಮನುಷ್ಯಾಗ ಎಷ್ಟು ಸಂಕಟ ಆಗ್ತೈತಿ ಅಂತ ನಾ ನೋಡೀನಿ. ಆದ್ರ ಅವ್ರು ಕಡಿದಾದ ದಾರಿ ಅರ್ಧಕ್ಕಿಂತ ಹೆಚ್ಚು ಏರಿ ಆಗೈತಿ. ಚೆಕ್ಕಿನ ಸಹಿ ತಮ್ದೇ ಅಂತ ಆ ವ್ಯಾಪಾರಿ ಒಪ್ಪಿದ್ರ, ಸಾಲ ಇತ್ತು ಅಂತ ಕೋರ್ಟು ಮೊದ್ಲ ನಂಬೋದು ನಿಮ್ಮನ್ನ, ಇಲ್ಲ ಅಂತ ತೋರಿಸೋ ಭಾರ ಅವ್ರದು, 139ನೇ ಕಲಂ ಹಂಗೈತಿ. ಇದನ್ನ ಅಪ್ಪಾರಿಗೆ ಬಿಡಿಸಿ ಹೇಳ್ರಿ, ಟೇಬಲ್ಲಿನ ಮುಂದ ಕೈ ಕಟ್ಕೊಂಡು ಕೂಡೋ ಅಗತ್ಯ ಅವ್ರಿಗಿಲ್ಲ.

ಆ ದಿನ ನೀವೂ ಜೊತಿಗೆ ಹೋಗ್ರಿ. ವಕೀಲರು ಬ್ಯಾರೆ ಹಾಲಿನ್ಯಾಗ ಇದ್ರ ಅವ್ರು ಬರಾತನ ಕೂತ್ಕೋರಿ, ಯಾರು ಏನೇ ಅವಸರ ಮಾಡ್ಲಿ. ಮೆಮೊ ಕನ್ನಡದಾಗ ಇಲ್ಲಂದ್ರ ಕನ್ನಡದಾಗ ಓದಿ ಹೇಳ್ರಿ ಅಂತ ಕೇಳ್ರಿ, ಸಂಧಾನಕಾರರು ಹೇಳ್ತಾರ, ಅದು ನಮ್ಮ ಕೆಲಸನೇ. "ಸಂದಾಯವಾಗಿರುತ್ತದೆ" ಅನ್ನೋ ಪದ ಎಲ್ಲೆಲ್ಲಿ ಐತಿ ಅಂತ ಬೊಟ್ಟಿಟ್ಟು ಹುಡುಕ್ರಿ, ಬಂದಿಲ್ಲದ ರೊಕ್ಕಕ್ಕ ಆ ಪದ ಇದ್ರ ಹೊಡೆದು ಹಾಕಿಸ್ರಿ. ನಗದು ಬ್ಯಾಡ, ಎರಡು ಲಕ್ಷ ಮತ್ತ ಅದರ ಮ್ಯಾಲಿನ ನಗದು ತಗೊಂಡ್ರ ಇನ್‌ಕಂ ಟ್ಯಾಕ್ಸಿನವ್ರ ತಕರಾರು ಬ್ಯಾರೆ, ಆರ್‌ಟಿಜಿಎಸ್ ಮಾಡಿಸ್ರಿ, ಎರಡು ಲಕ್ಷಕ್ಕ ಕಡಿಮಿ ಇದ್ರ ಎನ್‌ಇಎಫ್‌ಟಿ. "ಹಾಕೀನಿ ನೋಡ್ರಿ" ಅಂತ ಅವ್ರ ಮೊಬೈಲಿನ ಸ್ಕ್ರೀನ್‌ಶಾಟ್ ತೋರ್ಸಿದ್ರ ನಂಬಬ್ಯಾಡ್ರಿ, ಶನಿವಾರ ಬ್ಯಾಂಕ್ ಬಂದ್ ಇದ್ರೂ ಈಗ ಇವೆರಡೂ ದಿನಾ 24 ತಾಸೂ ನಡೀತಾವ, ಅಪ್ಪಾರ ಅಕೌಂಟಿನ್ಯಾಗ ಕಾಣ್ಬೇಕು. ವಕೀಲರ ಫೀ ಭಾರ ಆಗ್ತೈತಿ ಅಂತ ಯಾರಿಗರ ಅನಿಸಿದ್ರ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗ್ರಿ, ಹೆಣ್ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವ್ರಿಗೆ ಆದಾಯ ಎಷ್ಟೇ ಇರ್ಲಿ ವಕೀಲರು ಪುಕ್ಕಟೆ ಸಿಗ್ತಾರ, 15100ಕ್ಕ ಫೋನ್ ಹಚ್ಚಿದ್ರೂ ಹೇಳ್ತಾರ.

ಹೋಗುವಾಗ ಅಪ್ಪಾರ ಆಧಾರು, ಪಾಸ್‌ಬುಕ್ಕು, ಕೇಸ್ ನಂಬರ್ ಇರೋ ಚೀಟಿ ಇಟ್ಕೋರಿ. ಪಾಸ್‌ಬುಕ್ಕು ಮುಂಚಿನ ದಿನನೇ ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸ್ರಿ, ಆ 30 ಸಾವಿರ ಯಾವ ತಾರೀಖಿಗೆ ಬಂದೈತಿ ಅನ್ನೋ ಪುಟ ಜೆರಾಕ್ಸ್ ಮಾಡಿಸ್ರಿ. ಯಾಕಂದ್ರ ಟೇಬಲ್ಲಿನ ಮುಂದ ಆ 30 ಸಾವಿರ 80 ಸಾವಿರ ಆಗೋದು ನಾ ಭಾಳ ಸಲ ಕೇಳೀನಿ.